ಮಿನಾಕ್ಸಿಡಿಲ್: ಮುಟ್ಟು ನಿಂತವರ ತಲೆಗೆ ಯಾವ ಬಾಟಲಿ, ಎಷ್ಟು ಹನಿ?

ಮುಟ್ಟು ನಿಲ್ಲುವ ಹೊತ್ತಿಗೆ ಬೈತಲೆ ಅಗಲವಾಗುತ್ತಾ ಬಂದರೆ, ಮೆಡಿಕಲ್ ಶಾಪಿನಲ್ಲಿ ಸಿಗುವ ಹಚ್ಚುವ ಮದ್ದುಗಳಲ್ಲಿ ದುಡ್ಡು ಹಾಕಬಹುದಾದದ್ದು ಮಿನಾಕ್ಸಿಡಿಲ್ ಒಂದೇ. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಇಳಿದು ಗಂಡಿನ ಹಾರ್ಮೋನ್ ಆಂಡ್ರೋಜನ್ ಕೈ ಮೇಲಾದಾಗ ಕೂದಲ ಬುಡವೇ ಸಣ್ಣಗಾಗಬಹುದು. ಈರುಳ್ಳಿ ಎಣ್ಣೆಗೆ ಅದನ್ನು ತಿರುಗಿಸುವ ಶಕ್ತಿಯಿಲ್ಲ.

ದಾವಣಗೆರೆಯಲ್ಲಿ ಇದಕ್ಕಾಗಿ ಊರೆಲ್ಲ ಅಲೆಯಬೇಕಿಲ್ಲ. ಮಿಂಟಾಪ್, ಟುಗೇನ್, ಯಾವುದಾದರೂ ಸರಿ, ಹೆಸರಿಗಿಂತ ಶೇಕಡಾವಾರು ನೋಡಿ. 2% ಆದರೆ ದಿನಕ್ಕೆ ಎರಡು ಸಲ 1 ಮಿಲಿ, 5% ಆದರೆ ಹೆಂಗಸರಿಗೆ ಒಂದೇ ಸಲ. 60 ಮಿಲಿಯ 2% ಬಾಟಲಿ ಒಂದು ತಿಂಗಳಿಗೆ ಖಾಲಿ, 5% ಎರಡು ತಿಂಗಳು ಬರುತ್ತದೆ. ಹೆಸರಿನ ಕೊನೆಗೆ 'ಎಫ್' ಇದ್ದರೆ ವಾಪಸ್ ಕೊಡಿ. ಅದರಲ್ಲಿ ಸಾಮಾನ್ಯವಾಗಿ ಫಿನಾಸ್ಟರೈಡ್ ಎಂಬ, ಗಂಡಸರ ಕೂದಲಿಗೆ ಕೊಡುವ ಇನ್ನೊಂದು ಮದ್ದು ಬೆರೆತಿರುತ್ತದೆ. ಮುಟ್ಟು ಪೂರ್ತಿ ನಿಲ್ಲದವರು ಗರ್ಭ ಧರಿಸಿದರೆ ಗಂಡು ಭ್ರೂಣಕ್ಕೆ ಅಪಾಯ. ಮಿನಾಕ್ಸಿಡಿಲ್ ಕೂಡ ಬಸುರಿ, ಬಾಣಂತಿಯರಿಗಲ್ಲ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ಸೋಲುವುದು ಹೆಚ್ಚಾಗಿ ಹಚ್ಚುವಾಗ. ಸ್ಪ್ರೇ ಬಿಡಿ, ಅದು ಕೂದಲನ್ನು ಒದ್ದೆ ಮಾಡುತ್ತದೆ, ನೆತ್ತಿಯನ್ನಲ್ಲ. ಡ್ರಾಪರ್‌ನಲ್ಲಿ 1 ಮಿಲಿ ಗೆರೆವರೆಗೆ ಎಳೆದು, ಬೈತಲೆ ತೆಗೆದು ತೆಗೆದು ಚರ್ಮಕ್ಕೇ ಹನಿಸಿ, ಬೆರಳಲ್ಲಿ ಹರಡಿ. ತಲೆ ಒಣಗಿರಬೇಕು, ಕೊಬ್ಬರಿ ಎಣ್ಣೆ ಇರಬಾರದು. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಬೆವರಿಳಿಯುವಾಗ ಹಚ್ಚಿದರೆ ಹಣೆಗಿಳಿಯುತ್ತದೆ, ಹಣೆಯಲ್ಲಿ ರೋಮ ಬರುವುದೂ ಉಂಟು. ಮಲಗುವ ಎರಡು ಗಂಟೆ ಮೊದಲೇ ಹಚ್ಚಿ ಕೈ ತೊಳೆದರೆ ದಿಂಬಿನಿಂದ ಕೆನ್ನೆಗೆ ಹತ್ತುವುದೂ ತಪ್ಪುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಜೋಪಾನ, ಈ ಮದ್ದು ಅದಕ್ಕೆ ವಿಷ.

ಮೊದಲ ಎರಡು ತಿಂಗಳಲ್ಲಿ ಕೂದಲು ಇನ್ನೂ ಉದುರಬಹುದು. ಹಳೆಯದು ಬಿದ್ದು ಹೊಸದಕ್ಕೆ ಜಾಗವಾಗುತ್ತಿರುತ್ತದೆ. ಬಹುತೇಕರು ಇಲ್ಲೇ ಬಾಟಲಿ ಎಸೆಯುತ್ತಾರೆ! ನಾಲ್ಕರಿಂದ ಆರು ತಿಂಗಳು ಕೊಡದೆ ತೀರ್ಪು ಬೇಡ. ನಿಲ್ಲಿಸಿದರೆ ಬಂದದ್ದೂ ಕೆಲವೇ ತಿಂಗಳಲ್ಲಿ ಹೋಗುತ್ತದೆ, ಇದು ಈ ಮದ್ದಿನ ದೊಡ್ಡ ಕೊರತೆ. ನೆತ್ತಿ ತುರಿಸಿ ಹೊಟ್ಟು ಏಳುತ್ತಿದ್ದರೆ ಮದ್ದನ್ನು ಕರಗಿಸಲು ದ್ರಾವಣದಲ್ಲಿ ಹಾಕುವ ಪ್ರೊಪಿಲೀನ್ ಗ್ಲೈಕಾಲ್ ಕಾರಣವಿರಬಹುದು. ಅದಿಲ್ಲದ ಫೋಮ್ (ನೊರೆ ರೂಪದ್ದು) ಕೇಳಿ, ಬೆಲೆ ಜಾಸ್ತಿ.

ಹಣೆಯ ಅಂಚೇ ಹಿಂದೆ ಸರಿದು ಹುಬ್ಬೂ ತೆಳುವಾಗುತ್ತಿದ್ದರೆ ಅದು ಬೇರೆ ರೋಗವಿರಬಹುದು, ಬುಡಕ್ಕೆ ಗಾಯದ ಕಲೆಯಾಗುವಂಥದ್ದು. ಬಾಟಲಿ ಕೊಳ್ಳದೆ ಬಾಪೂಜಿ ಆಸ್ಪತ್ರೆಯ ಚರ್ಮ ವಿಭಾಗಕ್ಕೋ ಬೇರೆ ಚರ್ಮದ ಡಾಕ್ಟರ್ ಹತ್ತಿರವೋ ಹೋಗಿ. ಉಳಿದವರೂ ಶುರುಮಾಡುವ ಮೊದಲು ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ) ನೋಡಿಸುವುದು ಲೇಸು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸಬಲ್ಲದು.