ಹಳೆ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆಯಾ? 64 ಬಿಟ್ ಕಂಪ್ಯೂಟರ್ ತರುವ ಮುಂಚೆ ಓದಿ

"64 ಬಿಟ್ ವಿಂಡೋಸ್‌ನಲ್ಲಿ ನಿಮ್ಮ 32 ಬಿಟ್ ಸಾಫ್ಟ್‌ವೇರ್ ಆರಾಮಾಗಿ ಓಡುತ್ತೆ ಸಾರ್." ಕಂಪ್ಯೂಟರ್ ಮಾರುವವರ ಈ ಮಾತು ಅರ್ಧ ನಿಜ. (ಬಿಟ್ ಅಂದರೆ ಕಂಪ್ಯೂಟರ್ ಒಂದೇಟಿಗೆ ಹಿಡಿಯುವ ಮಾಹಿತಿಯ ಅಳತೆ; 32 ಹಳೆ ಕಾಲದ್ದು, 64 ಹೊಸದು.) ಉಳಿದರ್ಧದಿಂದಾಗಿ ನಮ್ಮ ಭಾವನ ಸಿಮೆಂಟು-ಕಬ್ಬಿಣದ ಅಂಗಡಿಯಲ್ಲಿ ವ್ಯಾಪಾರದ ಸೀಸನ್ನಿನಲ್ಲೇ ಕೈಯಲ್ಲಿ ಬಿಲ್ ಬರೆಯಬೇಕಾಯಿತು.

ಹಳೆ ಮಷೀನ್ ಎಕ್ಸ್‌ಚೇಂಜ್‌ಗೆ ಹೋಯಿತು, ವಿಂಡೋಸ್ 11 ಇರುವ ಹೊಸದು ಬಂತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಮೊದಲ ಏಟು ಇನ್‌ಸ್ಟಾಲ್ ಮಾಡುವಾಗಲೇ ಬಿತ್ತು. ಸಾಫ್ಟ್‌ವೇರ್ 32 ಬಿಟ್ಟಿನದೇ, ಆದರೆ ಅದರ ಸೆಟಪ್ ಫೈಲ್ 16 ಬಿಟ್! 16 ಬಿಟ್ ಪ್ರೋಗ್ರಾಂ ಓಡಿಸುವ ಭಾಗ 64 ಬಿಟ್ ವಿಂಡೋಸ್‌ನಲ್ಲಿ ಇಲ್ಲವೇ ಇಲ್ಲ. ಸರಿ, ಫೋಲ್ಡರನ್ನೇ ಕಾಪಿ ಮಾಡಿದೆವು. ಪ್ರೋಗ್ರಾಂ ತೆರೆಯಿತು, "ಲಾಕ್ ಸಿಗುತ್ತಿಲ್ಲ" ಅಂತ ನಿಂತುಬಿಟ್ಟಿತು.

ಲಾಕ್ ಅಂದರೆ ಯುಎಸ್‌ಬಿಗೆ ಚುಚ್ಚುವ ಡಾಂಗಲ್, ಅದು ಇದ್ದರಷ್ಟೇ ಸಾಫ್ಟ್‌ವೇರ್ ಓಡುತ್ತೆ. ಅಸಲಿ ಸಮಸ್ಯೆ ಇಲ್ಲಿದೆ. 32 ಬಿಟ್ ಪ್ರೋಗ್ರಾಂ ಕೇಳಿದ್ದನ್ನು 64 ಬಿಟ್ ಕರ್ನೆಲ್‌ಗೆ (ವಿಂಡೋಸ್‌ನ ತಿರುಳಿಗೆ) ಮುಟ್ಟಿಸಲು ವಿಂಡೋಸ್‌ನಲ್ಲಿ ವಾವ್64 ಅನ್ನುವ ದುಭಾಷಿ ಇದ್ದಾನೆ. ಆದರೆ ಡಾಂಗಲ್‌ನ ಡ್ರೈವರ್ (ಅದನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್) ಕೂರುವುದು ಕರ್ನೆಲ್ ಒಳಗೇ. ಅಲ್ಲಿ ಈ ದುಭಾಷಿಗೆ ಕೆಲಸವಿಲ್ಲ. ಡ್ರೈವರ್ 64 ಬಿಟ್ಟಿನದೇ ಆಗಿರಬೇಕು. ಕಂಪ್ಯೂಟರ್ ಅಂಗಡಿಯ ಹುಡುಗ ಹಳೆ ವಿಂಡೋಸ್‌ನಂತೆ ನಟಿಸುವ ಕಂಪ್ಯಾಟಿಬಿಲಿಟಿ ಮೋಡ್ ಹಾಕಿದ, ಡ್ರೈವರ್ ಅಸಲಿಯಾ ಅಂತ ನೋಡುವ ಸಿಗ್ನೇಚರ್ ಚೆಕ್ ಆಫ್ ಮಾಡಿದ. ಎರಡೂ ಸುಮ್ನೆ ದಂಡ. ಸಾಫ್ಟ್‌ವೇರ್ ಮಾಡಿದ ಕಂಪನಿ ಬಾಗಿಲು ಹಾಕಿದೆ, ಹೊಸ ಡ್ರೈವರ್ ಯಾರು ಕೊಡುತ್ತಾರೆ?

ಡೇಟಾಬೇಸ್ ಸಂಪರ್ಕದಲ್ಲೂ ಎಡವಟ್ಟು. ಪ್ರೋಗ್ರಾಂಗೆ ಡೇಟಾಬೇಸ್ ಜೋಡಿಸುವ ಓಡಿಬಿಸಿ ಸೆಟ್ಟಿಂಗ್ ಎರಡಿರುತ್ತವೆ, 32 ಬಿಟ್ಟಿನದೊಂದು, 64 ಬಿಟ್ಟಿನದೊಂದು. ಆ ಹುಡುಗ 64 ಬಿಟ್ಟಿನದರಲ್ಲಿ ಡಿಎಸ್‌ಎನ್ (ಡೇಟಾಬೇಸಿನ ವಿಳಾಸ) ಮಾಡಿದ್ದ, 32 ಬಿಟ್ ಪ್ರೋಗ್ರಾಂಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ತಮಾಷೆ ನೋಡಿ: 64 ಬಿಟ್ ಫೈಲುಗಳಿರುವುದು ಸಿಸ್ಟಮ್32 ಫೋಲ್ಡರಿನಲ್ಲಿ, 32 ಬಿಟ್ಟಿನವು ಸಿಸ್‌ವಾವ್64ರಲ್ಲಿ. ಹೆಸರು ನಂಬಿದರೆ ಕೆಟ್ಟಿರಿ.

ಹಳೆ ಮಷೀನಿನ ಡಿಸ್ಕ್ ಇನ್ನೂ ಫಾರ್ಮ್ಯಾಟ್ ಆಗಿರಲಿಲ್ಲ, ಪುಣ್ಯ. ಜಗಳ ಮಾಡಿ ವಾಪಸ್ ತಂದೆವು. ಈಗ ಹೊಸ ಕಂಪ್ಯೂಟರಿನೊಳಗೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಹಾಕಿ, ಅದರಲ್ಲಿ 32 ಬಿಟ್ ವಿಂಡೋಸ್ 10 ಕೂರಿಸಿ, ಡಾಂಗಲ್ಲನ್ನು ಅದಕ್ಕೇ ಒಪ್ಪಿಸಿದ್ದೇವೆ. ಅದರ ಒಳಗಿನ ಕರ್ನೆಲ್ 32 ಬಿಟ್ಟೇ ಆದ್ದರಿಂದ ಹಳೆ ಡ್ರೈವರ್ ತಕರಾರಿಲ್ಲದೆ ಕೂತಿತು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ.

ಆದ್ದರಿಂದ ದುಡ್ಡು ಕೊಡುವ ಮುಂಚೆ "ಸಾಫ್ಟ್‌ವೇರ್ ಓಡುತ್ತಾ" ಅಂತಷ್ಟೇ ಕೇಳಬೇಡಿ. ಡಾಂಗಲ್, ಹಳೆ ಪ್ರಿಂಟರ್, ಸ್ಕ್ಯಾನರ್ ಒಂದೊಂದಕ್ಕೂ 64 ಬಿಟ್ ಡ್ರೈವರ್ ಇದೆಯಾ ಅಂತ ಕೇಳಿ. ಮಾರುವವರ ಮುಂದೆಯೇ ಒಂದು ಬಿಲ್ ತೆಗೆಸಿ ನೋಡಿ. ಅಲ್ಲಿಯವರೆಗೆ ಹಳೆ ಮಷೀನ್ ಎಕ್ಸ್‌ಚೇಂಜ್‌ಗೆ ಕೊಡಬೇಡಿ, ಅವರು ಎಷ್ಟೇ ಜಾಸ್ತಿ ಡಿಸ್ಕೌಂಟ್ ಹೇಳಲಿ.