ಶುಂಠಿಯೋ ಮಾತ್ರೆಯೋ, ಎಣ್ಣೆಯೋ ಕ್ರೀಮೋ: ಅಂಡಮಾನಿನ ಆರು ದಿನ

ತೀರ್ಥಹಳ್ಳಿಯಿಂದ ಹೊರಡುವ ಮೊದಲೇ, ದಾರಿಗೆ ಯಾವ ಮದ್ದು ಅನ್ನುವುದಕ್ಕೆ ಮನೆಯಲ್ಲಿ ಎರಡು ಪಕ್ಷ ಆಗಿತ್ತು. ನನ್ನದು ಮೆಡಿಕಲ್ ಶಾಪಿನ ಪಕ್ಷ, ಅತ್ತೆಯದು ಅಡುಗೆಮನೆಯ ಪಕ್ಷ. ಜನವರಿಯ ಆರು ದಿನ ಅಂಡಮಾನಿನಲ್ಲಿ ಎರಡನ್ನೂ ಮೈಮೇಲೆ ಪ್ರಯೋಗ ಮಾಡಿ ನೋಡಿದೆವು.

ಮೊದಲ ಪಂದ್ಯ ಹಡಗಿನಲ್ಲೇ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು, ನಮ್ಮ ಆಟೋದವನ ಬಾಯಲ್ಲಿ ಮಾತ್ರ ಇನ್ನೂ ಹಳೆಯದೇ. ಅಲ್ಲಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಕ್ಯಾಟಮರಾನ್ ಅನ್ನುವ ಜೋಡಿ ತಳದ ಖಾಸಗಿ ಹಡಗಿನಲ್ಲಿ ಹೋದೆವು. ಒಳಗೆಲ್ಲ ಎಸಿ, ಕಿಟಕಿ ತೆಗೆಯುವ ಹಾಗಿಲ್ಲ. ಹೊರಡಲು ಒಂದು ಗಂಟೆ ಇರುವಾಗಲೇ ನಾನು ವಾಂತಿ ತಡೆಯುವ ಪ್ರೊಮೆಥಜೀನ್ ಮಾತ್ರೆ ನುಂಗಿದ್ದೆ. ಅತ್ತೆ ನಿಂಬೆರಸ, ಉಪ್ಪಿನಲ್ಲಿ ನೆನೆಸಿ ಒಣಗಿಸಿದ ಶುಂಠಿ ಚೂರನ್ನು ದವಡೆಗಿಟ್ಟುಕೊಂಡು ಕೂತರು. ಅರ್ಧ ದಾರಿಗೆ ಅವರ ಮಾತು ನಿಂತಿತು, ಕಣ್ಣು ಮುಚ್ಚಿಕೊಂಡರು. ಆದರೂ ವಾಂತಿ ಆಗಲಿಲ್ಲ. ಪಕ್ಕದ ಸೀಟಿನವರು ಹೊಟ್ಟೆ ತೊಳಸಲು ಶುರುವಾದ ಮೇಲೆ ಅದೇ ಮಾತ್ರೆ ತಗೊಂಡರೂ ವಾಂತಿ ಮಾಡಿಕೊಂಡರು. ಅಷ್ಟು ತಡವಾದ ಮೇಲೆ ಅದು ಕೆಲಸ ಮಾಡುವುದಿಲ್ಲ.

ನನಗೆ ಏನೂ ಆಗಲಿಲ್ಲ ನಿಜ, ಆದರೆ ಸಂಜೆವರೆಗೂ ಜೋಂಪು ಬಿಡಲಿಲ್ಲ. ಅಲ್ಲಿ ಚಳಿಗಾಲದಲ್ಲಿ ಐದೂಕಾಲರ ಸುಮಾರಿಗೇ ಹೊತ್ತು ಮುಳುಗುತ್ತದೆ. ಹ್ಯಾವ್‌ಲಾಕಿನ ರಾಧಾನಗರ ಬೀಚಿನ ಸೂರ್ಯಾಸ್ತವನ್ನು ನಾನು ನೋಡಿದ್ದು ಹೆಂಡತಿಯ ಮೊಬೈಲಿನಲ್ಲಿ.

ವಾಪಸು ಬರುವಾಗ ಸರ್ಕಾರಿ ಹಡಗು ಹತ್ತಿದೆವು. ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ಮೇಲೆ ಹೋಗಿ ಗಾಳಿಗೆ ನಿಲ್ಲಬಹುದು. ನಾನೂ ಶುಂಠಿ ಚೂರು ಬಾಯಿಗೆ ಹಾಕಿ, ಕಡಲು ಬಾನು ಸೇರುವ ಗೆರೆಯನ್ನೇ ನೋಡುತ್ತ ನಿಂತೆ. ಮಾತ್ರೆ ಬೇಕಾಗಲೇ ಇಲ್ಲ. ಗೆದ್ದದ್ದು ಶುಂಠಿಯೋ ಗಾಳಿಯೋ ಗೊತ್ತಿಲ್ಲ. ಅತ್ತೆ ಮಾತ್ರ ಶುಂಠಿ ಅಂತಲೇ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಮಳೆಗಾಲದ ಕಡಲಿಗೆ ನಾನಾದರೆ ಮಾತ್ರೆಯನ್ನೇ ನಂಬುತ್ತೇನೆ.

ಎರಡನೆಯದು ಮರಳು ನೊಣ. ನುಸಿಯಷ್ಟು ಸಣ್ಣದು, ಬೆಳಗ್ಗೆ ಸಂಜೆ ಕಡಲ ದಂಡೆಯಲ್ಲಿ ಕಾಟ. ಇಂಬಳ (ಜಿಗಣೆ) ಆದರೆ ನಮಗೆ ಹೊಸತಲ್ಲ, ಉಪ್ಪು ಹಾಕಿದರೆ ಉದುರುತ್ತದೆ. ಈ ನೊಣ ಕಚ್ಚಿದ್ದೇ ಗೊತ್ತಾಗಲಿಲ್ಲ. ಮಾರನೆಯ ದಿನ ತುರಿಕೆ ಶುರುವಾದರೆ ನಿದ್ದೆ ಇಲ್ಲ, ಕೆರೆದರೆ ಗಾಯ, ಉಪ್ಪುನೀರಿಗಿಳಿದರೆ ಉರಿ.

ಕಾಲಾಪತ್ಥರ್ ಬೀಚಿನಲ್ಲಿ ಬಲಗಾಲಿಗೆ ಸೊಳ್ಳೆ ಕ್ರೀಮು, ಎಡಗಾಲಿಗೆ ಅತ್ತೆಯ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತೆ. ಎಣ್ಣೆಯಲ್ಲಿ ಎರಡು ನೊಣ ಕಾಲು ಸಿಕ್ಕಿಸಿಕೊಂಡು ಸತ್ತಿದ್ದು ಕಂಡು ಅತ್ತೆ ಬೀಗಿದರು. ಗಂಟೆಯೊಳಗೆ ಎಣ್ಣೆಗೆ ಮರಳು ಮೆತ್ತಿ, ಒರೆಸಿ ತೆಗೆಯುವಾಗ ಎಣ್ಣೆಯೂ ಹೋಯಿತು. ಮಾರನೆಯ ದಿನ ಲೆಕ್ಕ: ಎಡಗಾಲಲ್ಲಿ ಹನ್ನೊಂದು ಗುಳ್ಳೆ, ಬಲಗಾಲಲ್ಲಿ ನಾಲ್ಕು. ಕ್ರೀಮೂ ನೀರಿಗಿಳಿದರೆ ತೊಳೆದೇ ಹೋಗುತ್ತದೆ, ಮತ್ತೆ ಹಚ್ಚಬೇಕು. ಸನ್‌ಸ್ಕ್ರೀನ್ ಮೊದಲು, ಇದು ಅದರ ಮೇಲೆ.

ಹೆಂಡತಿ ಏನೂ ಹಚ್ಚಿರಲಿಲ್ಲ. ಹತ್ತಿಯ ಪೂರ್ತಿ ತೋಳಿನ ಚೂಡಿದಾರ ಹಾಕಿ, ಮರಳಿಗೆ ಕೂರದೆ ಬಿದ್ದ ಮರದ ಬೊಡ್ಡೆಯ ಮೇಲೆ ಕೂತಿದ್ದಳು. ಒಂದೂ ಗುಳ್ಳೆ ಇಲ್ಲ.

ನೀಲ್ ದ್ವೀಪದಲ್ಲಿ ಅವಳಿಗೇ ಭೇದಿ ಹಿಡಿಯಿತು. ಎಳನೀರು ಸಾಕು ಅಂದರು ಅತ್ತೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಭೇದಿಯಲ್ಲಿ ಹೋಗುವ ಸೋಡಿಯಂ ಕಮ್ಮಿ. ಇಲ್ಲಿ ಓಆರ್‌ಎಸ್ ಎದುರು ಎಳನೀರು ನಿಲ್ಲುವುದಿಲ್ಲ. ಕೊನೆಗೆ ಅತ್ತೆಯೂ ಒಪ್ಪಿ, ಲೀಟರ್ ನೀರಿಗೆ ಹಾಕುವ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಚಮಚ ಆಡಿಸುತ್ತಿದ್ದರು. ಕೈ ಹಿಡಿದು ನಿಲ್ಲಿಸಿದೆ. ಅಷ್ಟು ಗಟ್ಟಿಯಾದರೆ ಭೇದಿ ಇನ್ನೂ ಜೋರಾಗುತ್ತದೆ. "ನಿಮ್ಮ ಮೆಡಿಕಲ್ ಶಾಪಿನದಕ್ಕೆ ಎಷ್ಟೊಂದು ಮಡಿ ಮಾರಾಯ್ರೆ" ಅಂದು ಲೋಟವನ್ನು ಬಾಟಲಿಗೆ ಬಗ್ಗಿಸಿದರು.