ಸ್ಲ್ಯುದ್ಯಾಂಕಾದಲ್ಲಿ ಲಿಫ್ಟ್: ಎಲ್ಲಿ ನಿಲ್ಲಬೇಕು, ಯಾವಾಗ ರೈಲು ಹತ್ತಬೇಕು

ರಷ್ಯಾದ ಬೈಕಲ್ ಸರೋವರದ ನೈಋತ್ಯ ತುದಿಯ ಸ್ಲ್ಯುದ್ಯಾಂಕಾದಲ್ಲಿ ಟ್ರಾನ್ಸ್-ಸೈಬೀರಿಯನ್ ಹಳಿಯೂ ಆರ್-258 ಹೆದ್ದಾರಿಯೂ ಬೆಟ್ಟಕ್ಕೂ ನೀರಿಗೂ ನಡುವಿನ ಇಕ್ಕಟ್ಟಿನಲ್ಲೇ ಸಾಗಬೇಕು. ಇರ್ಕುತ್ಸ್ಕ್‌ನಿಂದ ಉಲಾನ್-ಉದೆಗೆ ಹೋಗುವ ಗಾಡಿಗಳೆಲ್ಲ ಇಲ್ಲೇ ಹಾಯುವುದರಿಂದ ಗಾಡಿಗೆ ಬರವಿಲ್ಲ. ಬರ ಇರುವುದು ಅವು ನಿಲ್ಲುವ ಜಾಗಕ್ಕೆ.

ಊರ ನಡುವೆ, ಅಮೃತಶಿಲೆಯ ರೈಲು ನಿಲ್ದಾಣದ ಆಸುಪಾಸಿನಲ್ಲಿ ಲಿಫ್ಟಿಗೆ ಕೈಚಾಚುವುದು ವ್ಯರ್ಥ. ಹಾಯುವ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಓಣಿಗೆ ಹೋಗುವಂಥವು; ನಿಂತವನು ಬಾಡಿಗೆ ಕೇಳುತ್ತಾನೆ. ಬಸ್ ಸ್ಟಾಪಿನಲ್ಲಿ ಕೈ ಚಾಚಿದರೆ ಮಾರ್ಶ್ರುತ್ಕಾ, ಅಂದರೆ ಶೇರ್ ವ್ಯಾನ್ ಬಂದು ನಿಲ್ಲುತ್ತದೆ.

ಪೂರ್ವದ ಹೊರವಲಯ ಇದಕ್ಕಿಂತ ಎಷ್ಟೋ ವಾಸಿ, ಆದರೆ ನೂರು ಹೆಜ್ಜೆಯ ವ್ಯತ್ಯಾಸದಲ್ಲಿ ಎಲ್ಲ ಕೆಡಬಹುದು. ಊರ ಹೆಸರಿನ ಮೇಲೆ ಕೆಂಪು ಓರೆಗೆರೆ ಎಳೆದ ಬಿಳಿ ಫಲಕ ಕಂಡರೆ ಊರು ಮುಗಿಯಿತೆಂದು ಅರ್ಥ. ಅದಕ್ಕೆ ಮುಂಚೆ ವೇಗದ ಮಿತಿ 60, ದಾಟಿದ ಮೇಲೆ 90. ಫಲಕದ ಆಚೆ ನಿಂತವರನ್ನು ಚಾಲಕ ನೋಡುವಷ್ಟರಲ್ಲಿ ಕಾಲು ಆಕ್ಸಿಲರೇಟರ್ ಮೇಲಿರುತ್ತದೆ. ಈಚೆಗೇ, ರಸ್ತೆ ಪಕ್ಕದ ಮಣ್ಣಿನ ಅಂಚು ಅಗಲವಾಗಿರುವ ಕಡೆ, ಹಿಂದೆ ತಿರುವಿಲ್ಲದಂತೆ ನೋಡಿಕೊಂಡು ನಿಲ್ಲಿ.

ಈ ಮೂರು ಜಾಗಗಳಲ್ಲಿ ನಮ್ಮ ಓಟು ಪಕ್ಕದ ಊರಾದ ಕುಲ್ತುಕ್‌ಗೆ. ಇರ್ಕುತ್ಸ್ಕ್ ಕಡೆ ಹತ್ತು ಕಿಲೋಮೀಟರಿಗಿಂತ ಕಡಿಮೆ ದೂರ. ಘಾಟಿ ಇಳಿದ ಚಾಲಕರು ಇಲ್ಲಿ ಹೊಗೆಯಲ್ಲಿ ಬೇಯಿಸಿದ ಮೀನಿನ ಅಂಗಡಿಗಳ ಮುಂದೆ ತಾವಾಗಿಯೇ ನಿಲ್ಲುತ್ತಾರೆ; ಕೈ ಚಾಚದೆ ಹತ್ತಿರ ಹೋಗಿ ಕೇಳಬಹುದು. ತೊಡಕು ಒಂದೇ: ಇಲ್ಲಿಂದ ಎ-333 ರಸ್ತೆ ತುಂಕಾ ಕಣಿವೆಯತ್ತ, ಮಂಗೋಲಿಯಾ ಗಡಿಯ ಮೊಂಡಿಗೆ ಕವಲೊಡೆಯುತ್ತದೆ. ಉಲಾನ್-ಉದೆಗೆ ಹೋಗುವವರು ಕವಲು ದಾಟಿ ಸ್ಲ್ಯುದ್ಯಾಂಕಾ ಬದಿಗೆ ನಿಲ್ಲದಿದ್ದರೆ, ತುಂಕಾಕ್ಕೆ ತಿರುಗುವ ಗಾಡಿಗಳಿಗೆಲ್ಲ ಕೈ ಬೀಸುತ್ತ ಕೂರಬೇಕು. ರಟ್ಟಿನ ಮೇಲೆ ಊರ ಹೆಸರನ್ನು ರಷ್ಯನ್ ಲಿಪಿಯಲ್ಲೇ ದಪ್ಪಗೆ ಬರೆಯಿರಿ.

ನಂಬರ್ ಪ್ಲೇಟಿನ ಬಲ ತುದಿಯ ಅಂಕಿ ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. 38 ಅಥವಾ 138 ಇರ್ಕುತ್ಸ್ಕ್ ಪ್ರಾಂತದ್ದು, 03 ಉಲಾನ್-ಉದೆ ರಾಜಧಾನಿಯಾಗಿರುವ ಬುರ್ಯಾತಿಯಾದ್ದು, 75 ಇನ್ನೂ ಪೂರ್ವದ ಚಿತಾ ಕಡೆಯದ್ದು. ಪೂರ್ವಕ್ಕೆ ಮುಖಮಾಡಿದ 03ರ ಗಾಡಿ ಬಹುಪಾಲು ಮನೆಗೆ ಹೊರಟಿರುತ್ತದೆ. "ದೋ ಉಲಾನ್-ಉದೆ ಪದ್ವಿಜ್ಯೋತೆ?" (ಉಲಾನ್-ಉದೆವರೆಗೆ ಬಿಡುತ್ತೀರಾ?) ಎಂದು ಕೇಳಿ, ಕೂರುವ ಮೊದಲೇ "ಬೆಜ್ ದೇನೆಗ್" (ಹಣವಿಲ್ಲದೆ) ಎಂದು ಸೇರಿಸಿ. ಇದನ್ನು ಬಿಟ್ಟರೆ ಇಳಿಯುವಾಗ ಜಗಳ.

ಇನ್ನೊಂದು ಎಚ್ಚರ. ರಷ್ಯಾದಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಆದರೆ ಸೈಬೀರಿಯಾದಲ್ಲಿ ಜಪಾನಿನ ಹಳೆಯ ಕಾರುಗಳು ಹೇರಳ, ಅವುಗಳ ಸ್ಟೀರಿಂಗೂ ಬಲಕ್ಕೇ. ಅಂಚಿನಲ್ಲಿ ನಿಂತ ನಿಮ್ಮ ಎದುರಿಗೆ ಬರುವ ಕಿಟಕಿ ಚಾಲಕನದು. ಮಾತಿಗೆ ಅದು ಅನುಕೂಲ, ಆದರೆ ಮುಂದಿನ ಸೀಟು ಇರುವುದು ಟ್ರಾಫಿಕ್ ಬದಿಗೆ. ನಮ್ಮೂರ ಅಭ್ಯಾಸದಲ್ಲಿ ಸುತ್ತಿ ಹೋಗಿ ಎಡ ಬಾಗಿಲು ತೆಗೆದರೆ ಹಿಂದಿನಿಂದ ಲಾರಿ ಬರುತ್ತಿರುತ್ತದೆ. ಚೀಲದ ಸಮೇತ ಅಂಚಿನ ಕಡೆಯಿಂದ ಹಿಂದಿನ ಸೀಟಿಗೆ ಹತ್ತುವುದೇ ಕ್ಷೇಮ.

ಬುರ್ಯಾತ್ ಚಾಲಕರ ಜೊತೆ ಮಾತಿಗೆ ಎಳೆ ಬೇಕೆಂದರೆ ಮುಂಡಗೋಡದ ಹೆಸರು ಹೇಳಿ ನೋಡಿ. ಅಲ್ಲಿನ ದ್ರೆಪುಂಗ್ ಗೋಮಾಂಗ್ ಮಠಕ್ಕೆ ಬುರ್ಯಾತಿಯಾದ ಭಿಕ್ಷುಗಳು ಓದಲು ಬರುತ್ತಾರೆ.

ಪಶ್ಚಿಮಕ್ಕೆ, ಇರ್ಕುತ್ಸ್ಕ್ ಕಡೆಗಾದರೆ ಲೆಕ್ಕ ತಲೆಕೆಳಗು. ಕುಲ್ತುಕ್ ದಾಟಿದೊಡನೆ ಘಾಟಿ. ಏರು ಎಂಥದೆಂದರೆ ಹಳಿಯ ಮೇಲೂ ಸರಕು ರೈಲುಗಳಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ಕೊಟ್ಟು ತಳ್ಳಿಸುತ್ತಾರೆ. ರಸ್ತೆಯಲ್ಲಿ ತುಂಬಿದ ಲಾರಿ ಏರಿನಲ್ಲಿ ನಿಂತರೆ ಮತ್ತೆ ಹೊರಡುವುದು ಕಷ್ಟ, ಆದ್ದರಿಂದ ನಿಲ್ಲುವುದೇ ಇಲ್ಲ. ನಡುವೆ ಯಾರಾದರೂ ಇಳಿಸಿಬಿಟ್ಟರೆ ಆ ತಿರುವುಗಳಲ್ಲಿ ಕಾಲಿಡಲು ಜಾಗವಿಲ್ಲ. ಇಲ್ಲಿ ಎಲೆಕ್ತ್ರಿಚ್ಕಾ, ಅಂದರೆ ಲೋಕಲ್ ರೈಲು ಗೆಲ್ಲುತ್ತದೆ: 126 ಕಿ.ಮೀ., ಮೂರು ಗಂಟೆಯ ಆಸುಪಾಸು, ಸುತ್ತಿ ಸುತ್ತಿ ಏರುವಾಗ ಕೆಳಗೆ ಸರೋವರ. ದಿನಕ್ಕೆ ಬೆರಳೆಣಿಕೆಯಷ್ಟೇ ಓಡುವುದರಿಂದ ಹಿಂದಿನ ದಿನವೇ ವೇಳಾಪಟ್ಟಿ ನೋಡಿ. 2018ರ ಆಗಸ್ಟ್‌ವರೆಗೆ ರೈಲ್ವೆ ಗಡಿಯಾರ ಮಾಸ್ಕೋದ್ದಾಗಿತ್ತು. ಈಗ ಸ್ಥಳೀಯ ವೇಳೆ, ಹಳೆಯ ಪ್ರವಾಸ ಟಿಪ್ಪಣಿ ನಂಬಿದರೆ ಐದು ಗಂಟೆ ತಪ್ಪುತ್ತದೆ.

ಮಾರ್ಶ್ರುತ್ಕಾ ರೈಲಿಗಿಂತ ಬೇಗ ಮುಟ್ಟಿಸುತ್ತದೆ, ಆದರೆ ದೊಡ್ಡ ಚೀಲವಿದ್ದರೆ ಚಾಲಕನ ಮುಖ ಗಂಟಾಗುತ್ತದೆ. ಕೈಯಲ್ಲಿ ರೂಬಲ್ ನೋಟು ಇರಲಿ: 2022ರ ಮಾರ್ಚ್‌ನಿಂದ ಹೊರದೇಶದ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ.